ಹೊಸ ಕಾರಿನ ಮೈ ಕಾಯುವ ಕ್ರಮ

ಕಾರು ಕೊಳ್ಳುವುದು ಸುಲಭ, ಬ್ಯಾಂಕಿನವರು ಕೊಡಿಸುತ್ತಾರೆ. ಅದರ ಬಣ್ಣ ಕಾಯುವುದು ಮಾತ್ರ ನಿಮ್ಮೊಬ್ಬರ ಕೆಲಸ. ಅದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಮನೆಯವರು ಸಹಕಾರ ಕೊಡುವುದಿಲ್ಲ. ಬೆಂಗಳೂರಿನಿಂದಲೋ ಧಾರವಾಡದಿಂದಲೋ ವರ್ಗವಾಗಿ ಬಂದು, ದ್ವಾರಕಾ, ಮಯೂರ್ ವಿಹಾರ, ನೊಯ್ಡಾ, ಗುರುಗ್ರಾಮ ಎಲ್ಲೋ ಒಂದು ಕಡೆ ಮನೆ ಹಿಡಿದು, ಈಗಷ್ಟೇ ಹೊಸ ಕಾರು ಬುಕ್ ಮಾಡಿರುವ ಕನ್ನಡಿಗರಿಗಾಗಿ ಈ ಕ್ರಮವನ್ನು ಬರೆದಿದ್ದೇನೆ. ಹೇಳಿದ ಹಾಗೆ ಮಾಡಿ. ಲೆಕ್ಕ ಮಾತ್ರ ಹಾಕಬೇಡಿ.

ಮೊದಲು ನೀವು ಕಾಯಬೇಕಾದದ್ದು ಏನು ಎಂದು ತಿಳಿದುಕೊಳ್ಳಿ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ ಸುಮಾರು 100ರಿಂದ 120 ಮೈಕ್ರಾನ್. ನಿಮ್ಮ ತಲೆಗೂದಲಿನ ದಪ್ಪ, ಕೂದಲು ಇನ್ನೂ ಉಳಿದಿದ್ದರೆ, ಸುಮಾರು 70 ಮೈಕ್ರಾನ್. ಹೊಳಪೆಲ್ಲ ಇರುವುದು ಮೇಲಿನ 40-50 ಮೈಕ್ರಾನಿನಲ್ಲಿ. ಅದಷ್ಟೇ ನಿಮ್ಮ ಕಾರು ಎಂದು ತಿಳಿಯಿರಿ. ಎಂಜಿನ್, ಬ್ರೇಕು, ಟೈರು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಟೈರಿನ ಗಾಳಿ ನೋಡಲು ಬಗ್ಗುವ ಶ್ರಮವನ್ನು ಬಾಗಿಲಂಚಿನ ಗೀರು ಹುಡುಕಲು ಉಳಿಸಿಕೊಳ್ಳಿ.

ಮೈಕ್ರಾನ್ ಲೆಕ್ಕ ದೆಹಲಿಯವರಿಗೆ ಹೊಸದಲ್ಲ. ಪತ್ರಿಕೆಯಲ್ಲಿ ಚಳಿಗಾಲ ಪೂರ್ತಿ ಬರುವ ಪಿಎಂ 2.5 ಅಂದರೆ ಎರಡೂವರೆ ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ. ಅದು ಶ್ವಾಸಕೋಶದ ತಳದವರೆಗೆ ಇಳಿದು ರಕ್ತಕ್ಕೂ ಸೇರುತ್ತದೆ. ಆದರೆ ಕ್ಲಿಯರ್ ಕೋಟಿನೊಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಗಾಬರಿ ಬೇಡ. 2024ರ ನವೆಂಬರ್ 18ರಂದು ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. ಅಂಥ ದಿನ ಮತ್ತೆ ಬಂದರೆ ಕಾರಿಗೆ ಕವರ್ ಹೊದಿಸಿ, ನಾಲ್ಕೂ ಮೂಲೆಯ ದಾರ ಬಿಗಿದು, ತರಕಾರಿ ತರಲು ನಡೆದುಕೊಂಡು ಹೋಗಿ.

ಗಾಡಿ ಕೈಗೆ ಬರುವ ಮುನ್ನ ಶೋರೂಮಿನ ಹುಡುಗ ನಿಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಚಹಾ ತರಿಸುತ್ತಾನೆ. ಕುಡಿಯಿರಿ. ಆ ಚಹಾದ ಬೆಲೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. "ಸರ್, ದಿಲ್ಲಿ ಕೀ ಧೂಪ್, ದಿಲ್ಲಿ ಕೀ ಧೂಲ್" ಎಂದು ಅವನು ಶುರು ಮಾಡಿದಾಗ ತಲೆಯಾಡಿಸಿ. ಮೊದಲು ಬರುವುದು ಟೆಫ್ಲಾನ್ ಕೋಟಿಂಗ್. ಟೆಫ್ಲಾನು ದೋಸೆ ಕಾವಲಿಗೆ ಕಚ್ಚಿಕೊಳ್ಳಬೇಕಾದರೆ ಕಾರ್ಖಾನೆಯಲ್ಲಿ 300 ಡಿಗ್ರಿಗೂ ಮೇಲೆ ಕಾಯಿಸಬೇಕಾಗುತ್ತದೆ. ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಅದಕ್ಕೆ ಒಂದು ಡಬ್ಬಿ, ಒಂದು ಬಟ್ಟೆ ಸಾಕು. ಈ ವ್ಯತ್ಯಾಸ ಕೇಳಿ ಅವನ ಮನಸ್ಸು ನೋಯಿಸಬೇಡಿ. ನೀವು ಒಪ್ಪುವ ಲಕ್ಷಣ ಕಂಡ ಕೂಡಲೇ ಅವನೇ "ಟೆಫ್ಲಾನ್ ತೋ ಪುರಾನಾ ಹೋ ಗಯಾ ಸರ್" ಎನ್ನುತ್ತ ಸೆರಾಮಿಕ್ ಮೆಟ್ಟಿಲು ಹತ್ತುತ್ತಾನೆ. ನೀವೂ ಹಿಂದೆಯೇ ಹತ್ತಿ.

ಸೆರಾಮಿಕ್ ಕೋಟಿಂಗ್ ಎಂದರೆ ಸಿಲಿಕಾ ಆಧರಿಸಿದ ದ್ರವ. ಒರೆಸಿ ಒಣಗಲು ಬಿಟ್ಟರೆ ಬಣ್ಣದ ಮೇಲೆ ತೆಳುವಾಗಿ ಗಟ್ಟಿಯಾಗುತ್ತದೆ. ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾನೆ: ಬಾನೆಟ್ಟಿಗೆ ಸುರಿದ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಜಾರಿಹೋಗುತ್ತದೆ. ದೆಹಲಿಯಲ್ಲಿ ಮಳೆ ವರ್ಷಕ್ಕೆ ಎರಡು ಮೂರು ತಿಂಗಳ ಬಾಬತ್ತು, ಉಳಿದ ತಿಂಗಳುಗಳಲ್ಲಿ ಏನು ಜಾರಬೇಕು ಎಂದು ಕೇಳಬೇಡಿ. ಆಮೇಲೆ ದನಿ ತಗ್ಗಿಸಿ "ನೈನ್ ಎಚ್ ಹೈ ಸರ್" ಎನ್ನುತ್ತಾನೆ. ವಜ್ರಕ್ಕೆ ಹತ್ತು, ಇದಕ್ಕೆ ಒಂಬತ್ತು ಎಂದು ನಿಮ್ಮ ಮನಸ್ಸು ತಾನಾಗಿ ಗುಣಿಸಿಕೊಳ್ಳುತ್ತದೆ. ತಡೆಯಬೇಡಿ. ವಜ್ರಕ್ಕೆ ಹತ್ತು ಕೊಡುವುದು ಖನಿಜಗಳನ್ನು ಅಳೆಯುವ ಮೋಸ್ ಮಾಪನ. 9ಎಚ್ ಎಂಬುದು ಪೆನ್ಸಿಲ್ ಮಾಪನದ್ದು: ಬೇರೆಬೇರೆ ಗಡಸುತನದ ಪೆನ್ಸಿಲುಗಳಿಂದ ಗೀಚುತ್ತ ಹೋಗಿ ಯಾವುದಕ್ಕೆ ಮೇಲ್ಮೈ ಸೋಲುತ್ತದೆ ಎಂದು ನೋಡುವ ಪರೀಕ್ಷೆ. ಅಂದರೆ ಡ್ರಾಯಿಂಗ್ ಕ್ಲಾಸಿನ ಅತಿ ಗಟ್ಟಿ ಪೆನ್ಸಿಲನ್ನು ಅದು ತಡೆದುಕೊಳ್ಳುತ್ತದೆ. ನಿಮ್ಮ ಸೊಸೈಟಿಯ ಮಕ್ಕಳು ಪೆನ್ಸಿಲಿನಿಂದಲೇ ಗೀಚುವ ಸಂಭಾವಿತರಾದರೆ ಇಲ್ಲಿಗೇ ನಿಲ್ಲಿಸಿ. ಕಲ್ಲು, ಬೀಗದಕೈ, ಸೈಕಲ್ ಪೆಡಲು ಬಳಸುವವರಾದರೆ ಮೂರನೆಯ ಮೆಟ್ಟಿಲಿಗೆ ಹೋಗಿ.

ಮೂರನೆಯದು ಪಿಪಿಎಫ್, ಬಣ್ಣ ಕಾಯುವ ಫಿಲ್ಮು. ಇದರ ವಂಶ ದೊಡ್ಡದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಗೆ ಮರಳು, ಚೂರು ಬಡಿಯದಂತೆ ಅಂಟಿಸಲು 3ಎಂ ಕಂಪನಿ ಮಾಡಿದ ಪಾಲಿಯುರಿಥೇನ್ ಹಾಳೆಯ ಮೊಮ್ಮಗ ಇದು. ರಿಂಗ್ ರೋಡಿನಲ್ಲಿ ಸಂಜೆ ಆರಕ್ಕೆ ಗಾಡಿ ಓಡಿಸುವವರಿಗೆ ಈ ಹಿನ್ನೆಲೆ ಸಮಾಧಾನ ಕೊಡುತ್ತದೆ. ದಪ್ಪ 150ರಿಂದ 200 ಮೈಕ್ರಾನ್. ಕಾಯುವವನು ಕಾಯಿಸಿಕೊಳ್ಳುವ ಬಣ್ಣಕ್ಕಿಂತ ದಪ್ಪ! ಇಡೀ ಗಾಡಿಗೆ ಹಾಕಿಸಿದರೆ ಲಕ್ಷ ದಾಟುವುದು ಮಾಮೂಲು. ಬಿಸಿಲಿಗೆ ಸಣ್ಣ ಗೀರು ತಾನಾಗಿ ಮಾಯುತ್ತದೆ ಎನ್ನುತ್ತಾರೆ, ಅದು ನಿಜ. ಆದ್ದರಿಂದ ಗೀರು ಮಾಯಿಸಲು ಕಾರನ್ನು ಬಿಸಿಲಿಗೆ ನಿಲ್ಲಿಸಿ, ಬಿಸಿಲಿನಿಂದ ಉಳಿದ ಭಾಗ ಕಾಯಲು ಕವರ್ ಹಾಕಿ.

ಶೋರೂಮಿನಲ್ಲಿ ದುಬಾರಿ ಅನಿಸಿದರೆ ಕರೋಲ್ ಬಾಗಿಗೋ ನೊಯ್ಡಾದ 16ನೇ ಸೆಕ್ಟರಿಗೋ ಹೋಗಿ. ಅಲ್ಲಿ ಸಾಲು ಅಂಗಡಿಯವರು ಗಾಡಿಯನ್ನು ನಡುಬೀದಿಯಲ್ಲೇ ಅಡ್ಡಹಾಕಿ "ಆಯಿಯೇ ಸರ್" ಎನ್ನುತ್ತಾರೆ. ಆ ಧೂಳಿನಲ್ಲೇ, ಬೀದಿ ಬದಿಯಲ್ಲೇ ಫಿಲ್ಮು ಅಂಟಿಸಿಕೊಳ್ಳಿ. ಫಿಲ್ಮಿನ ಅಡಿಗೆ ಸೇರಿದ ಧೂಳಿನ ಕಣಕ್ಕೂ ಐದು ವರ್ಷ ವಾರಂಟಿ ಇರುತ್ತದೆ.

ಈಗ ಫಿಲ್ಮು ಬಂತು. ಫಿಲ್ಮು ಹಳದಿಯಾಗಬಾರದು, ಅದಕ್ಕೆ ಅದರ ಮೇಲೆ ಸೆರಾಮಿಕ್ ಹಚ್ಚಿಸಿ. ಇದು ನನ್ನ ಕುಹಕವಲ್ಲ, ಅಂಗಡಿಯವರೇ ಕೊಡುವ ಸಲಹೆ. ಸೆರಾಮಿಕ್ ಕಾಯಲು ಬ್ರೆಜಿಲಿನ ತಾಳೆಗರಿಯಿಂದ ತೆಗೆದ ಕಾರ್ನೌಬಾ ಮೇಣ ತಿಕ್ಕಿ. ಮೇಣ ಕಾಯಲು ಕವರ್ ಹೊದಿಸಿ. ಕಾರಿನ ಬಣ್ಣ ಯಾವುದು ಎಂದು ನೆಂಟರು ಕೇಳಿದರೆ ಆರ್‌ಸಿ ತೆಗೆದು ತೋರಿಸಿ. ಒಳಗೆ ಸೀಟಿನ ಪ್ಲಾಸ್ಟಿಕನ್ನು ಯಾವ ಕಾರಣಕ್ಕೂ ಕೀಳಬೇಡಿ. ಮೇ ತಿಂಗಳಲ್ಲಿ ತೊಡೆ ಸುಟ್ಟರೆ ಟವೆಲ್ ಹಾಸಿಕೊಳ್ಳಿ.

ವಾಹನಪೂಜೆಗೆ ಆರ್.ಕೆ. ಪುರಂನ ಮಲೈ ಮಂದಿರ ಅನುಕೂಲ. ಅರಿಶಿನ ಕುಂಕುಮವನ್ನು ನಂಬರ್ ಪ್ಲೇಟಿಗೆ ಸೀಮಿತಗೊಳಿಸುವಂತೆ ಪುರೋಹಿತರಲ್ಲಿ ವಿನಯದಿಂದ ಕೇಳಿಕೊಳ್ಳಿ. ಅವರು ಕೇಳಿಸಿಕೊಳ್ಳದೆ ಬಾನೆಟ್ ಮೇಲೆ ಸ್ವಸ್ತಿಕ ಬರೆದೇ ಬರೆಯುತ್ತಾರೆ. ಒಣಗಿದ ಗಂಧವನ್ನು ಮನೆಗೆ ಬಂದು ಉಗುರಿನಿಂದ ಕೆರೆಯಿರಿ. ಮೊದಲ ಗೀರು ದೇವರ ಹೆಸರಿನಲ್ಲಿ ಬಿದ್ದರೆ ಒಳ್ಳೆಯದು. ದೃಷ್ಟಿ ತೆಗೆಯಲು ಬೂದುಗುಂಬಳ ಬೇಕಾದರೆ ಸಬ್ಜಿಯವನಲ್ಲಿ ಪೇಠಾ ಎಂದು ಕೇಳಿ. ಆಗ್ರಾದ ಮಿಠಾಯಿ ಆಗುವುದು ಅದರಿಂದಲೇ, ಹಾಗಾಗಿ ಅವನು ಸಕ್ಕರೆ ಪಾಕದ ಬಗ್ಗೆ ಸಲಹೆ ಕೊಡಲು ಶುರುಮಾಡುತ್ತಾನೆ. ಕೇಳಿಸಿಕೊಳ್ಳಿ, ಆದರೆ ಅದನ್ನು ರಸ್ತೆಯಲ್ಲಿ ಒಡೆಯಲಿದ್ದೇನೆ ಎಂದು ಮಾತ್ರ ಹೇಳಬೇಡಿ. ಒಡೆಯುವಾಗ ಬಂಪರಿನಿಂದ ದೂರ ನಿಲ್ಲಿ.

ತೊಳೆಯುವ ವಿಷಯದಲ್ಲಿ ಪುಸ್ತಕಗಳು ಹೇಳುವುದು ಹೀಗೆ. ನೆರಳಿನಲ್ಲಿ ನಿಲ್ಲಿಸಿ. ಮೊದಲು ಬರಿ ನೀರು ಹಾಯಿಸಿ ಧೂಳಿಳಿಸಿ. ಎರಡು ಬಕೆಟ್ ಇಡಿ, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಚಕ್ರಕ್ಕೆ ಬೇರೆ ಬಟ್ಟೆ, ಕೊನೆಗೆ ಮೈಕ್ರೊಫೈಬರಿನಿಂದ ನೀರು ಹೀರಿಸಿ. ಇದಕ್ಕೆ ಖರ್ಚು ಕಡಿಮೆ, ಬಣ್ಣವೂ ಉಳಿಯುತ್ತದೆ, ಹಾಗಾಗಿ ಯಾರೂ ಮಾಡುವುದಿಲ್ಲ. ನೀವು ದೆಹಲಿ ಪದ್ಧತಿ ಹಿಡಿಯಿರಿ.

ದೆಹಲಿ ಪದ್ಧತಿಯಲ್ಲಿ ಬೆಳಗಿನ ಐದಕ್ಕೆ ಗಾಡಿ ಒರೆಸುವ ಭೈಯಾ ಬರುತ್ತಾನೆ. ಒಂದು ಬಕೆಟ್, ಒಂದು ಬಟ್ಟೆ, ಇಡೀ ಪಾರ್ಕಿಂಗಿನ ಗಾಡಿಗಳು. ನಿಮ್ಮದು ಎಷ್ಟನೆಯದು ಎಂದು ವಿಚಾರಿಸಬೇಡಿ. ಪಕ್ಕದ ಗಾಡಿಯ ಚಕ್ರ ಒರೆಸಿ ಅದ್ದಿದ ಬಟ್ಟೆ ನಿಮ್ಮ ಬಾನೆಟ್ ಮೇಲೆ ಗುಂಡಗೆ ಸುತ್ತುತ್ತದೆ. ಬೇಸಗೆಯಲ್ಲಿ ರಾಜಸ್ಥಾನದ ಕಡೆಯಿಂದ ಬೀಸುವ ಆಂಧಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಮಾಪನದಲ್ಲಿ ಬೆಣಚುಕಲ್ಲಿಗೆ 7, ಉಕ್ಕಿನ ಚಾಕುವೂ ಅದರ ಮುಂದೆ ಮೆತ್ತಗೆ. ಕೆಲವೇ ತಿಂಗಳಲ್ಲಿ ಇಳಿಬಿಸಿಲಿನಲ್ಲಿ ನೋಡಿದರೆ ಬಾನೆಟ್ ತುಂಬ ಸುತ್ತುಸುತ್ತಾದ ಸಣ್ಣ ಗೆರೆಗಳು ಕಾಣಿಸುತ್ತವೆ. ಇಳಿಬಿಸಿಲಿನಲ್ಲಿ ನೋಡಬೇಡಿ.

ಭೈಯಾನನ್ನು ಬೈಯುವುದು ತಪ್ಪು ದಾರಿ. ಲಕ್ಷ ರೂಪಾಯಿಯ ಫಿಲ್ಮನ್ನು ತಿಂಗಳಿಗೆ ಕೆಲವು ನೂರರ ಕೈಗೆ ಒಪ್ಪಿಸಿದವರು ನೀವು. ಅವನು ದೀಪಾವಳಿಗೆ ನೂರು ರೂಪಾಯಿ ಹೆಚ್ಚು ಕೇಳಿದರೆ "ಬಹುತ್ ಜ್ಯಾದಾ ಹೈ ಭೈಯಾ" ಎನ್ನಿ, ಐವತ್ತಕ್ಕೆ ಇಳಿಸಿ. ಎರಡನೆಯ ಬಕೆಟ್ ಕೊಡಿಸೋಣವೇ ಎಂಬ ಯೋಚನೆ ಬಂದರೆ ಅದನ್ನು ಅದುಮಿ. ಬಕೆಟ್ ಕೊಟ್ಟರೆ ನಾಳೆ ಸಾಬೂನು ಕೇಳುತ್ತಾನೆ, ನಾಡಿದ್ದು ಚಳಿಗೆ ಸ್ವೆಟರ್ ಕೇಳುತ್ತಾನೆ. ಡಿಸೆಂಬರಿನ ಮಂಜಿನಲ್ಲಿ ಅವನು ತಣ್ಣೀರಿಗೆ ಕೈ ಅದ್ದುವಾಗ ನೀವು ಬಾಲ್ಕನಿಯಿಂದ ನೋಡಬೇಕಾದದ್ದು ಬಟ್ಟೆಯನ್ನು, ಕೈಯನ್ನಲ್ಲ.

ಭಾನುವಾರ ನೀವೇ ತೊಳೆಯುವ ಉಮೇದು ಬಂದರೆ ನಡುಮಧ್ಯಾಹ್ನ ಆರಿಸಿಕೊಳ್ಳಿ. ಕಾದ ಬಾನೆಟ್ಟಿಗೆ ಬೋರ್‌ವೆಲ್ ನೀರು ಸುರಿದರೆ ಬಟ್ಟೆ ತಗಲುವ ಮೊದಲೇ ಆರಿಹೋಗುತ್ತದೆ, ಒರೆಸುವ ಕೆಲಸ ಉಳಿಯುತ್ತದೆ. ನೀರು ಹೋಗಿ ಸುಣ್ಣದ ಅಂಶ ಬಿಳಿ ಚುಕ್ಕಿಗಳಾಗಿ ನಿಲ್ಲುತ್ತದೆ. ಗುರುಗ್ರಾಮ, ದ್ವಾರಕಾ, ನೊಯ್ಡಾದ ಗಡಸು ನೀರಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಚುಕ್ಕಿ ಹೋಗದಿದ್ದರೆ ಪಾತ್ರೆ ತಿಕ್ಕುವ ಲಿಕ್ವಿಡ್ ಹಾಕಿ. ಚುಕ್ಕಿ ಉಳಿಯುತ್ತದೆ, ಬ್ರೆಜಿಲಿನ ಮೇಣ ಹೋಗುತ್ತದೆ.

ಪೈಪ್ ಹಿಡಿಯುವ ಮುನ್ನ ಸುತ್ತ ನೋಡಿ. 2024ರ ಮೇ ಕೊನೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ದೆಹಲಿ ಜಲ ಮಂಡಳಿ ಪೈಪಿನಿಂದ ಕಾರು ತೊಳೆಯುವವರಿಗೆ 2,000 ರೂಪಾಯಿ ದಂಡ ಹಾಕಲು 200 ತಂಡಗಳನ್ನು ಬೀದಿಗಿಳಿಸಿತು. ಅದೇ ವರ್ಷ ಮಾರ್ಚಿನಲ್ಲಿ ನಮ್ಮ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ಎಂದಿತ್ತು. ಊರಿನ ಅಭಿಮಾನ ಇರುವವರು ಈ ಅಂಕಿಯನ್ನು ಪಕ್ಕದ ಮನೆಯ ಪಂಜಾಬಿಗೆ ಹೇಳಿ, ಕಾವೇರಿಯ ಬೆಲೆ ಯಮುನೆಗಿಂತ ಎರಡೂವರೆ ಪಟ್ಟು ಎಂದು ತಿಳಿಸಿ. ಆಮೇಲೆ ಪೈಪ್ ತೆರೆಯಿರಿ.

ತೊಳೆಯದ ದಿನ ಒಣಬಟ್ಟೆ ಇದ್ದೇ ಇದೆ. ಕೆಂಪು ದೀಪದಲ್ಲಿ ನಿಂತಾಗ ಹುಡುಗರು ಉದ್ದ ಹಿಡಿಯ ಡಸ್ಟರು, ಹಳದಿ ಬಟ್ಟೆ, ಗಾಜಿಗೆ ಅಂಟಿಸುವ ಪರದೆ ಮಾರಲು ಬರುತ್ತಾರೆ. ಎಲ್ಲವನ್ನೂ ಕೊಳ್ಳಿ. ಡಸ್ಟರನ್ನು ವರ್ಷ ಪೂರ್ತಿ ಒದರದೆ ಡಿಕ್ಕಿಯಲ್ಲಿಡಿ, ಪ್ರತಿ ಬೆಳಗ್ಗೆ ನಿನ್ನೆಯ ಮರಳಿನಿಂದ ಇಂದಿನ ಮರಳನ್ನು ಉಜ್ಜಿ. ಗೆರೆಗಳು ಹೆಚ್ಚಾದ ಮೇಲೆ ಮೂರು ತಿಂಗಳಿಗೊಮ್ಮೆ ರಬ್ಬಿಂಗ್ ಪಾಲಿಶ್ ಮಾಡಿಸಿ. ಪಾಲಿಶ್ ಅಂದರೆ ಗೀರು ತುಂಬುವುದಲ್ಲ, ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಮಟ್ಟಕ್ಕೆ ಸವೆಸುವುದು. ಒಂದೊಂದು ಸಲಕ್ಕೂ ಕೆಲವು ಮೈಕ್ರಾನ್ ಹೋಗುತ್ತದೆ, ಮತ್ತೆ ಬರುವುದಿಲ್ಲ. ಆದರೆ ಆ ದಿನದ ಹೊಳಪು ನೋಡಿ! ಕನ್ನಡಿ ಬೇಡ, ಬಾನೆಟ್ಟಿನಲ್ಲೇ ಮುಖ ನೋಡಿಕೊಂಡು ತಲೆ ಬಾಚಬಹುದು. ಹೀಗೆ ಶ್ರದ್ಧೆಯಿಂದ ಮಾಡುತ್ತ ಬಂದರೆ ಒಂದು ದಿನ ಪ್ರೈಮರಿನ ದರ್ಶನವಾಗುತ್ತದೆ.

ಪಾರ್ಕಿಂಗ್‌ನಲ್ಲಿ ಮರವೂ ಶತ್ರು, ಬಯಲೂ ಶತ್ರು. ಮಾರ್ಚಿನಲ್ಲಿ ಬೂರುಗದ ಕೆಂಪು ಹೂಗಳು ತೊಪ್ಪನೆ ಬೀಳುತ್ತವೆ. ಜೂನ್ ಜುಲೈಯಲ್ಲಿ ತುಘಲಕ್ ರೋಡು, ಅಶೋಕ ರೋಡಿನ ನೇರಳೆ ಮರಗಳು ಹಣ್ಣು ಸುರಿಸುತ್ತವೆ. ಊರಿನ ನೇರಳೆ ನೆನಪಾಗಿ ಅಡಿಯಲ್ಲಿ ನಿಲ್ಲಿಸಿದರೆ ಬಿಳಿ ಕಾರು ನೀಲಿ ಚುಕ್ಕಿಯ ಸೀರೆ ಉಟ್ಟು ಮನೆಗೆ ಬರುತ್ತದೆ. ಪಾರಿವಾಳಕ್ಕೆ ಋತುವಿಲ್ಲ, ಪುಣ್ಯಕ್ಕೆಂದು ಜೋಳ ಹಾಕುವವರಿಗೂ ಇಲ್ಲ. ಅದರ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ, ಬಿಸಿಲಿನಲ್ಲಿ ಕೆಲವು ಗಂಟೆ ಬಿಟ್ಟರೆ ಕ್ಲಿಯರ್ ಕೋಟನ್ನು ಕೊರೆಯುತ್ತದೆ. ಕೂಡಲೇ ನೀರಿನಲ್ಲಿ ನೆನೆಸಿ ತೆಗೆಯುವುದು ಸರಿಯಾದ ವಿಧಾನವಾದ್ದರಿಂದ ವಾರಾಂತ್ಯದವರೆಗೆ ಕಾಯಿರಿ, ಆಮೇಲೆ ನಾಣ್ಯದಿಂದ ಕೆರೆಯಿರಿ. ಮಂತ್ರಿಗಳ ಬಂಗಲೆಗಳ ಕಡೆ ಕೋತಿಗಳು ಬಾನೆಟ್ ಮೇಲೆ ಕೂತು ಸಭೆ ನಡೆಸುತ್ತವೆ. ಹಾರ್ನ್ ಮಾಡಬೇಡಿ, ವೈಪರ್ ಕೀಳುತ್ತವೆ. ಹೋಳಿಯ ದಿನ ಕಾರು ಹೊರಗೆ ತರಲೇಬೇಡಿ.

ಇದಕ್ಕೆಲ್ಲ ಬೇಸ್‌ಮೆಂಟೇ ಪರಿಹಾರ ಎಂದು ಗಗನಚುಂಬಿ ಸೊಸೈಟಿಯಲ್ಲಿ ಫ್ಲ್ಯಾಟ್ ಕೊಂಡವರಿಗೆ ಒಂದು ಮಾತು: ಮಳೆಗಾಲದಲ್ಲಿ ಬೇಸ್‌ಮೆಂಟಿನ ಸೂರು ಸೋರುತ್ತದೆ. ಕಾಂಕ್ರೀಟಿನ ಮೂಲಕ ಇಳಿದ ಆ ನೀರು ಸುಣ್ಣ ಹೊತ್ತು ತರುತ್ತದೆ, ಅದು ಬಿದ್ದ ಕಡೆ ಬಿಳಿ ಕಲೆ ಕಚ್ಚಿ ಕೂರುತ್ತದೆ. ಬಿಲ್ಡರಿಗೆ ದೂರು ಬರೆಯಿರಿ, ಉತ್ತರ ಬರುವವರೆಗೆ ಕಾರಿನ ಮೇಲೆ ಛತ್ರಿ ಕಟ್ಟಿ.

ಡಿಡಿಎ ಫ್ಲ್ಯಾಟುಗಳ ಗಲ್ಲಿಯಲ್ಲಿ ಇರುವವರು ಸಂಜೆ ಜಾಗ ಕಾಯ್ದಿರಿಸಲು ಹೂಕುಂಡ, ಇಟ್ಟಿಗೆ, ಮುರಿದ ಪ್ಲಾಸ್ಟಿಕ್ ಕುರ್ಚಿ ಬಳಸಿ. ಬೇರೆಯವರ ಗಾಡಿಗೆ ಅಡ್ಡ ನಿಲ್ಲಿಸುವುದಾದರೆ ಇಲ್ಲಿನ ಶಿಷ್ಟಾಚಾರದಂತೆ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕದೆ ಹೋಗಿ. ಬೆಳಗ್ಗೆ ನಾಲ್ಕು ಜನ ಉಂಗುರ, ಕಡ, ವಾಚು ಹಾಕಿದ ಕೈಗಳನ್ನು ನಿಮ್ಮ ಡಿಕ್ಕಿಗೆ ಕೊಟ್ಟು ತಳ್ಳುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕಿ ಹೋದರೆ ಕೈ ಬದಲು ಬೀಗದಕೈ ಬಳಸುತ್ತಾರೆ, ಅದು ಬಾಗಿಲಿನ ಉದ್ದಕ್ಕೂ ಒಂದೇ ಗೆರೆ. ಎರಡರಲ್ಲಿ ಯಾವುದು ಬೇಕೋ ನೀವೇ ಆರಿಸಿ. ರಾತ್ರಿ ಕವರ್ ಹಾಕುವುದನ್ನು ಮರೆಯಬೇಡಿ. ಧೂಳು ಒರೆಸದೆ ಹಾಕಿ. ಗಾಳಿಗೆ ಪಟಪಟ ಬಡಿದುಕೊಳ್ಳುವ ಕವರ್ ಬೆಳಗಿನವರೆಗೆ ಆ ಧೂಳನ್ನು ಬಣ್ಣಕ್ಕೆ ಉಜ್ಜುತ್ತ ಕಾವಲು ಕಾಯುತ್ತದೆ. ಬೀದಿನಾಯಿಗಳಿಗೆ ಕವರ್ ಹಾಕಿದ ಛಾವಣಿ ಇಷ್ಟ, ಬೆಚ್ಚಗಿರುತ್ತದೆ.

ಎಷ್ಟೇ ಕಾಯ್ದರೂ ಒಂದು ದಿನ ಇ-ರಿಕ್ಷಾ ಬಂದು ತಾಗುತ್ತದೆ. ಆಗ ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ಇಳಿಯಿರಿ, ಹಿಂದಿನವರ ಹಾರ್ನಿಗೆ ಕಿವಿಗೊಡಬೇಡಿ. "ನಯೀ ಗಾಡಿ ಹೈ" ಎಂದು ಮೊದಲ ವಾಕ್ಯ. ಎದುರಿನವನು "ತು ಜಾನ್ತಾ ನಹೀ ಮೈ ಕೌನ್ ಹೂಂ" ಎಂದರೆ ಹೆದರಬೇಡಿ, ಇಲ್ಲಿ ಇ-ರಿಕ್ಷಾದವನಿಗೂ ಒಬ್ಬ ಮಾಮ ಠಾಣೆಯಲ್ಲಿರುತ್ತಾನೆ. ಕನ್ನಡಿಗರಿಗೆ ಇಲ್ಲಿ ಒಂದು ತೊಡಕಿದೆ. ನಾವು ಕೋಪ ಬಂದಾಗಲೂ "ಆಪ್" ಎನ್ನುತ್ತೇವೆ, ಸುತ್ತ ಸೇರಿದವರು ನಗುತ್ತಾರೆ. ಆದ್ದರಿಂದ ಬೈಗುಳ ಕನ್ನಡದಲ್ಲೇ ಆಗಲಿ. ಅರ್ಥವಾಗದ್ದರಿಂದ ಅವನಿಗೆ ಹೆಚ್ಚು ನೋವಾಗುತ್ತದೆ. ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಇದೆಲ್ಲ ಬರುತ್ತಿರಲಿಲ್ಲ ಎಂದು ನೆರೆಯವರು ಹೇಳುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅವುಗಳ ಮೇಲೆ ಕ್ರಮ ಜರುಗಿಸಲು ರಾಜ್ಯಗಳಿಗೆ ಬರೆದಿದೆ. ನೆರೆಯವರಿಗೆ ಪತ್ರ ತಲುಪಿಲ್ಲ.

ಮನೆಗೆ ಬಂದು ವಿಮೆ ನೆನಪಾಗುತ್ತದೆ. ಬಂಪರ್ ಟು ಬಂಪರ್ ಪಾಲಿಸಿಗೆ ಹೆಚ್ಚು ಕಂತು ಕಟ್ಟಿದ್ದೀರಿ, ಆದರೆ ಕ್ಲೇಮು ಮಾಡಬೇಡಿ. ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಕಂತಿನಲ್ಲಿ ಶೇ 20, ಐದು ವರ್ಷಕ್ಕೆ ಶೇ 50 ರಿಯಾಯಿತಿ ಸಿಗುತ್ತದೆ. ಒಂದು ಗೀರಿಗೆ ಕ್ಲೇಮು ಹಾಕಿದರೆ ಅದು ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಬಣ್ಣದ ಹಾಗೆಯೇ ಪಾಲಿಸಿಗೂ ಗೀರು ಬೀಳದಂತೆ ನೋಡಿಕೊಳ್ಳಿ, ಡೆಂಟಿಂಗ್ ಪೇಂಟಿಂಗಿಗೆ ಕೈಯಿಂದ ಕೊಡಿ. ಜೊತೆಗೆ ಪಾಲಿಸಿಯ ಸವಕಳಿ ಪಟ್ಟಿಯನ್ನು ಓದದಿರಿ. ಆರು ತಿಂಗಳೊಳಗೆ ಶೇ 5, ವರ್ಷದೊಳಗೆ ಶೇ 15, ಐದು ವರ್ಷಕ್ಕೆ ಅರ್ಧ ಬೆಲೆ ಹೋಗುತ್ತದೆ ಎಂದು ಅದರಲ್ಲಿದೆ. ಹೊಳಪು ಹಾಗೇ ಉಳಿದ ಗಾಡಿಗೆ ಬೇರೆ ಪಟ್ಟಿ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನಿಮಗೇ ಹೊಳೆಯುತ್ತದೆ: ಕಾರನ್ನು ಹೊರಗೆ ತೆಗೆಯದಿರುವುದೇ ಉತ್ತಮ. ರಾಜ್ಯೋತ್ಸವಕ್ಕೆ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಬೇಕಾದರೆ ಮೆಟ್ರೊ ಹಿಡಿಯಿರಿ. ಪಿಂಕ್ ಲೈನಿನಲ್ಲಿ ಇಳಿಯುವ ನಿಲ್ದಾಣದ ಹೆಸರೇ ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್, 2018ರಲ್ಲಿ ತೆರೆದದ್ದು. ಊರಿನವರ ನಿಲ್ದಾಣದಲ್ಲಿ ಇಳಿದ ಸಂತೋಷವೂ ಆಯಿತು, ಬಾಗಿಲಿಗೆ ಗೀರು ಬೀಳುವ ಚಿಂತೆಯೂ ತಪ್ಪಿತು. ಸಭಾಂಗಣದಲ್ಲಿ ಯಾರಾದರೂ "ಹೊಸ ಕಾರು ತಗೊಂಡ್ರಂತೆ?" ಎಂದರೆ ಮೊಬೈಲಿನಲ್ಲಿ ಫೋಟೊ ತೋರಿಸಿ. ಕವರ್ ಹಾಕದ ಫೋಟೊ ಒಂದನ್ನಾದರೂ ತೆಗೆದಿಟ್ಟುಕೊಂಡಿರಿ.

ಕೊನೆಯದಾಗಿ ವಾರಂಟಿ. ಸೆರಾಮಿಕ್‌ನವರು ಕೆಲವರು ಲೈಫ್‌ಟೈಮ್ ಎಂದೇ ಬರೆದುಕೊಡುತ್ತಾರೆ. ಈ ಪ್ರದೇಶದಲ್ಲಿ ಕಾರಿನ ಆಯುಸ್ಸನ್ನು ಬರೆದಿರುವವರು ಬೇರೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ದೆಹಲಿ ಎನ್‌ಸಿಆರ್ ರಸ್ತೆಯಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ದೆಹಲಿಯ ಬಂಕುಗಳಲ್ಲಿ ಎಣ್ಣೆಯೇ ಹಾಕಬಾರದೆಂದರು, ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆಗಿನ ಮಟ್ಟಿಗೆ ಬಲವಂತದ ಕ್ರಮ ಬೇಡ ಎಂದಿತು. ನಿಮ್ಮ ಗಾಡಿಗೆ ಹತ್ತೋ ಹದಿನೈದೋ ತುಂಬುವಾಗ ಯಾವ ಆದೇಶ ನಡೆಯುತ್ತಿರುತ್ತದೋ ನೋಡಿಕೊಳ್ಳಿ. ಎನ್‌ಒಸಿ ಪಡೆದು ಊರಿಗೆ ಕಳಿಸುವ ದಾರಿ ಇದೆ. ಕರ್ನಾಟಕದಲ್ಲಿ ಮರುನೋಂದಣಿಗೆ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಕೇಳಿ ತಮ್ಮ "ಬೇಡ ಅಣ್ಣ, ಅಲ್ಲೇ ಮಾರಿಬಿಡು" ಎನ್ನುತ್ತಾನೆ. ಸೆಕೆಂಡ್‌ಹ್ಯಾಂಡ್ ವ್ಯಾಪಾರಿ ಬಣ್ಣದ ದಪ್ಪ ಅಳೆಯುವ ಮೀಟರನ್ನು ಬಾಗಿಲಿಗೆ ಹಿಡಿದು, ಫಿಲ್ಮಿನ ಮೈಕ್ರಾನೂ ಸೇರಿ 300 ಚಿಲ್ಲರೆ ಬಂದದ್ದನ್ನು ನಿಮಗೇ ತೋರಿಸಿ "ರೀಪೇಂಟ್ ಹೈ, ಆ್ಯಕ್ಸಿಡೆಂಟ್ ಗಾಡಿ" ಎಂದು ಬೆಲೆ ಇಳಿಸುತ್ತಾನೆ. ವಾದಿಸಬೇಡಿ.

ಉಳಿದದ್ದು ನೋಂದಾಯಿತ ಗುಜರಿ ಕೇಂದ್ರ. ಅಲ್ಲಿ ತೂಕದ ಲೆಕ್ಕ. ತಕ್ಕಡಿಗೆ ಹಾಕುವ ಮುನ್ನ ಹುಡುಗರು ಫಿಲ್ಮು ಸುಲಿಯಲು ಬಂದರೆ ಬಿಡಬೇಡಿ, ಅದಕ್ಕೂ ದುಡ್ಡು ಕೊಟ್ಟಿದ್ದೀರಿ.